ಪುನರಾರಂಭವೆಂಬ ಮಿಥ್ಯಾಪರಿಹಾರ

ಲಿನಕ್ಸ್ ಸರ್ವರೊಂದು ತನಗೆ ಜೋಡಿಸಿಕೊಟ್ಟ ಸ್ಟೋರೇಜಿನ ವಾಲ್ಯೂಮನ್ನು ಕಾಣಲಾರದೆ ನಿಂತುಹೋದಾಗ ಮೊದಲು ಮಾಡತಕ್ಕದ್ದೇನು ಎಂದು ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದರೂ, ಅವರು ಹೊಸಪೇಟೆಯ ಕಚೇರಿಯೊಂದರ ಆಪರೇಟರಾಗಿರಲಿ, ಸಂಡೂರಿನ ಅದಿರು ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಗುಮಾಸ್ತರಾಗಿರಲಿ, ಕಂಪ್ಲಿಯ ಅಕ್ಕಿ ಗಿರಣಿಯ ಲೆಕ್ಕಿಗರಾಗಿರಲಿ, ದೊರೆಯುವ ಉತ್ತರ ಒಂದೇ: “ಒಂದ್ಸಲ ರೀಸ್ಟಾರ್ಟ್ ಮಾಡ್ರಿ ಸರ್, ತಾನೇ ಸರಿ ಹೋಗ್ತೈತಿ.” ಬೇರೆ ದಾರಿ ಕಾಣದವರು ಆಡುತ್ತಿದ್ದ ಈ ಮಾತು ಇಂದು ವೃತ್ತಿಯ ಸಿದ್ಧಾಂತವಾಗಿ ನೆಲೆಗೊಂಡಿದೆ. ಹಿರಿಯರು ಕಿರಿಯರಿಗೆ ಇದನ್ನೇ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ. ಯಜಮಾನರು ಇದನ್ನೇ ನಿರೀಕ್ಷಿಸುತ್ತಾರೆ. ಫೋನಿನ ಆ ತುದಿಯಲ್ಲಿರುವ ಸಹಾಯಕರೂ ಇದರಿಂದಲೇ ತೊಡಗುತ್ತಾರೆ. ಈ ಸಿದ್ಧಾಂತವು ಕಾರಣವಿಚಾರದಲ್ಲಿ ಅಸತ್ಯವಾದುದು, ಪರಿಣಾಮದಲ್ಲಿ ಹಾನಿಕರವಾದುದು ಮತ್ತು ವೃತ್ತಿಧರ್ಮಕ್ಕೆ ಒಪ್ಪದುದು ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಇದು ಕೆಲವೇ ಯಂತ್ರಪರಿಣತರಿಗೆ ಸಂಬಂಧಿಸಿದ ವಿವಾದವೆಂದು ವಾಚಕರು ಬದಿಗಿರಿಸಬಾರದೆಂದು ನನ್ನ ಬಿನ್ನಹ. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡು ಹೊಸಪೇಟೆಯು ಜಿಲ್ಲಾಕೇಂದ್ರವಾದ ಮೇಲೆ ಇಲ್ಲಿಯ ಕಚೇರಿಗಳೂ ಅವುಗಳ ಕಡತಗಳೂ ಹೆಚ್ಚಿವೆ, ಮತ್ತು ಆ ಕಡತಗಳು ಹಳೆಯ ಕಾಲದ ಹಾಗೆ ಬೀರುವಿನೊಳಗೆ ಕೆಂಪು ದಾರ ಕಟ್ಟಿಕೊಂಡು ಕುಳಿತಿರುವುದಿಲ್ಲ. ಸಂಡೂರಿನ ಗಣಿಗಳ ವಿಷಯದಲ್ಲಿ ದಾಖಲೆಯ ಬೆಲೆ ಎಂಥದೆಂಬುದನ್ನು 2011ರಲ್ಲಿ ನಾಡೇ ಕಂಡಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಹೊರಬಂದು, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಆ ವರ್ಷದಿಂದೀಚೆಗೆ ಒಂದೊಂದು ಲೋಡಿನ ತೂಕ, ಒಂದೊಂದು ಪರ್ಮಿಟ್ಟು ಸಾಕ್ಷ್ಯವೆಂಬ ಗೌರವವನ್ನು ಪಡೆದಿದೆ. ಹಂಪಿಯ ಶಾಸನಗಳ ಮತ್ತು ಓಲೆಗರಿಗಳ ಛಾಯಾಪ್ರತಿಗಳನ್ನು ಕೂಡಿಹಾಕುವ ವಿದ್ವಾಂಸರ ಪಾಲಿಗೂ ಮಾತು ಇದೇ. ಇಂಥ ಸಾಮಗ್ರಿಯು ಯಾವ ವಾಲ್ಯೂಮಿನ ಮೇಲಿದೆಯೋ ಅದು ಕಣ್ಮರೆಯಾದ ಗಳಿಗೆಯಲ್ಲಿ ನಾವು ತೋರುವ ಬುದ್ಧಿಯು ಸಾರ್ವಜನಿಕ ಹಿತದ ವಿಷಯವೇ ಆಗಿದೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ದೊಡ್ಡ ಕಚೇರಿಗಳಲ್ಲಿ ಮಾಹಿತಿಯು ಸರ್ವರಿನ ಒಡಲೊಳಗೇ ಇರುವುದಿಲ್ಲ; ಹತ್ತಾರು ಡಿಸ್ಕುಗಳುಳ್ಳ ಸ್ಟೋರೇಜ್ ಎಂಬ ಬೇರೊಂದು ಪೆಟ್ಟಿಗೆಯಲ್ಲಿರುತ್ತದೆ. ಆ ಪೆಟ್ಟಿಗೆಯು ತನ್ನ ಜಾಗವನ್ನು ವಾಲ್ಯೂಮುಗಳಾಗಿ ಪಾಲುಮಾಡಿ, ಇಂಥ ವಾಲ್ಯೂಮು ಇಂಥ ಸರ್ವರಿಗೆ ಸಲ್ಲತಕ್ಕದ್ದು ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಮ್ಯಾಪಿಂಗ್ ಎಂಬುದು ಇದೇ. ಆ ವಾಲ್ಯೂಮು ಫೈಬರ್ ಕೇಬಲ್ಲಿನ ಮೂಲಕವೋ ಜಾಲದ ಮೇಲಿನ ಐಸ್ಕಸಿ ಸಂಪರ್ಕದ ಮೂಲಕವೋ ಸರ್ವರನ್ನು ಮುಟ್ಟುತ್ತದೆ. ಲಿನಕ್ಸಿನ ಕರ್ನೆಲ್ ಅದನ್ನು ಕಂಡು ಹೆಸರಿಡುತ್ತದೆ. ಒಂದೇ ವಾಲ್ಯೂಮು ಎರಡು ನಾಲ್ಕು ದಾರಿಗಳಿಂದ ಕಾಣಿಸಿಕೊಂಡಾಗ ಮಲ್ಟಿಪಾತ್ ಎಂಬ ವ್ಯವಸ್ಥೆ ಅವೆಲ್ಲವೂ ಒಂದೇ ಎಂದು ಗುರುತಿಸಿ ಏಕನಾಮವನ್ನು ಕೊಡುತ್ತದೆ. ಅದರ ಮೇಲೆ ಎಲ್‌ವಿಎಂ ತನ್ನ ವಿಂಗಡಣೆಯನ್ನು ನಡೆಸುತ್ತದೆ. ಅದರ ಮೇಲೆ ಫೈಲ್ ಸಿಸ್ಟಂ ನಿಂತು, ಕಟ್ಟಕಡೆಗೆ ಒಂದು ಡೈರೆಕ್ಟರಿಯಾಗಿ ಮೌಂಟ್ ಆಗುತ್ತದೆ. ಇಷ್ಟು ಮೆಟ್ಟಿಲುಗಳಲ್ಲಿ ಪ್ರತಿಯೊಂದೂ ಕೆಳಗಿನದರ ಗುರುತನ್ನು ನಂಬಿಕೊಂಡು ಮೇಲಿನದಕ್ಕೆ ತನ್ನದೊಂದು ಗುರುತನ್ನು ಒಪ್ಪಿಸುತ್ತದೆ. ಮ್ಯಾಪಿಂಗ್ ಕೆಟ್ಟಿತು ಎಂದು ನಾವು ಹೇಳುವ ಪ್ರಸಂಗಗಳಲ್ಲಿ ಬಹುಪಾಲು, ಡಿಸ್ಕು ಸತ್ತಿರುವುದಿಲ್ಲ. ಎರಡು ಮೆಟ್ಟಿಲುಗಳ ನಡುವೆ ಗುರುತು ತಪ್ಪಿರುತ್ತದೆ.

ಇನ್ನು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮುಂದಿಡುವುದು ನ್ಯಾಯ. ರೀಸ್ಟಾರ್ಟ್ ವಾದಿಗಳು ಮೂರು ಆಧಾರಗಳನ್ನು ಕೊಡುತ್ತಾರೆ. ಮೊದಲನೆಯದು ಅನುಭವ: ರೀಸ್ಟಾರ್ಟ್ ಮಾಡಿದಾಗ ಹಲವು ಸಲ ವಾಲ್ಯೂಮು ಹಿಂದಿರುಗಿದೆ, ಇದನ್ನು ಕಣ್ಣಾರೆ ಕಂಡಿದ್ದೇವೆ ಎಂಬುದು. ಎರಡನೆಯದು ಕಾಲ: ಹೊರಗೆ ಲಾರಿಗಳು ಸಾಲುಗಟ್ಟಿರುವಾಗ, ಕೌಂಟರಿನ ಮುಂದೆ ಜನ ಕಾಯುತ್ತಿರುವಾಗ, ಕೂಲಂಕಷವಾಗಿ ವಿಚಾರ ಮಾಡುತ್ತ ಕೂರುವುದಕ್ಕೆ ಪುರಸೊತ್ತೆಲ್ಲಿ ಎಂಬುದು. ಮೂರನೆಯದು ಅಧಿಕಾರ: ಇದರ ಒಳಮರ್ಮ ಬೆಂಗಳೂರಿನ ಎಂಜಿನಿಯರಿಗೆ ಗೊತ್ತು, ಸ್ಟೋರೇಜ್ ಮಾರಿದ ಕಂಪನಿಗೆ ಗೊತ್ತು, ಇಲ್ಲಿರುವ ನಮ್ಮ ಕೈಯಳತೆಯಲ್ಲಿರುವುದು ರೀಸ್ಟಾರ್ಟ್ ಒಂದೇ ಎಂಬುದು. ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸೋಣ.

ಅನುಭವದ ಮಾತು ಮೊದಲು. ಮಳೆಗಾಲದ ಸಂಜೆ ಕರೆಂಟು ಹೋಗಿ, ಯುಪಿಎಸ್‌ನ ಬ್ಯಾಟರಿಯೂ ಬತ್ತಿ, ಗಂಟೆಯ ಮೇಲೆ ಕರೆಂಟು ಬಂದಿತೆನ್ನಿ. ಸರ್ವರೂ ಸ್ಟೋರೇಜೂ ಒಟ್ಟಿಗೇ ಎಚ್ಚರಗೊಳ್ಳಲು ತೊಡಗುತ್ತವೆ. ಸ್ಟೋರೇಜು ತನ್ನ ಕಂಟ್ರೋಲರುಗಳನ್ನೂ ಡಿಸ್ಕುಗಳನ್ನೂ ಪರೀಕ್ಷಿಸಿಕೊಂಡು ಸಿದ್ಧವಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಮುಂದೆ ಹೋದ ಸರ್ವರು ವಾಲ್ಯೂಮಿಗಾಗಿ ಹುಡುಕಿ, ಕಾಣದೆ, ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಬರೆದಿರುವ ಮೌಂಟ್ ನೆರವೇರಲಿಲ್ಲವೆಂದು ಎಮರ್ಜೆನ್ಸಿ ಮೋಡಿನ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ಯಾರೋ ಬಂದು ರೀಸ್ಟಾರ್ಟ್ ಮಾಡುತ್ತಾರೆ. ಈ ವೇಳೆಗೆ ಸ್ಟೋರೇಜು ಸಿದ್ಧವಾಗಿರುತ್ತದೆ, ವಾಲ್ಯೂಮು ದೊರೆಯುತ್ತದೆ, ಕೀರ್ತಿ ರೀಸ್ಟಾರ್ಟಿಗೆ ಸಲ್ಲುತ್ತದೆ. ವಾಸ್ತವದಲ್ಲಿ ಗುಣಕೊಟ್ಟದ್ದು ಕಾಲ. ಸ್ಟೋರೇಜನ್ನು ಮೊದಲು ಹಚ್ಚಿ ಆಮೇಲೆ ಸರ್ವರನ್ನು ಹಚ್ಚಬೇಕೆಂಬ ಕ್ರಮವಾಗಲಿ, ಈ ಮೌಂಟ್ ಜಾಲವನ್ನು ಅವಲಂಬಿಸಿದೆ, ಸಂಪರ್ಕ ಏರ್ಪಡುವವರೆಗೆ ಕಾಯತಕ್ಕದ್ದು ಎಂಬ ಒಂದು ಪದದ ಸೂಚನೆಯನ್ನು ಆ ಕಡತದಲ್ಲಿ ಸೇರಿಸುವುದಾಗಲಿ ನಡೆಯಲಿಲ್ಲವಾದುದರಿಂದ, ಮುಂದಿನ ಮಳೆಗೆ ಅದೇ ವ್ಯಾಧಿ ಮರುಕಳಿಸುತ್ತದೆ. ನಮ್ಮ ತಾರ್ಕಿಕರು ಇದನ್ನು ಕಾಕತಾಳೀಯ ನ್ಯಾಯವೆಂದು ಎಂದೋ ಹೆಸರಿಸಿದ್ದಾರೆ. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಪೌರ್ವಾಪರ್ಯವಿತ್ತೇ ಹೊರತು ಕಾರ್ಯಕಾರಣ ಸಂಬಂಧವಿರಲಿಲ್ಲ.

ಪೌರ್ವಾಪರ್ಯವನ್ನೇ ಕಾರಣವೆಂದು ಬಗೆಯುವ ಈ ಪ್ರಮಾದಕ್ಕೆ ನಮ್ಮ ಊರಿನ ನೆಲದಲ್ಲೇ ಒಂದು ಘೋರವಾದ ಐತಿಹಾಸಿಕ ನಿದರ್ಶನವಿದೆ. ಕೃಷ್ಣದೇವರಾಯನು ಹೊಸಪೇಟೆಯ ಬಳಿ, ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಏರಿಯನ್ನೆತ್ತಿ ಮಹಾತಟಾಕವೊಂದನ್ನು ಕಟ್ಟಿಸಿದ ವೃತ್ತಾಂತವನ್ನು ಪೋರ್ಚುಗೀಸರಾದ ಡೊಮಿಂಗೊ ಪಾಯೆಸ್ ಮತ್ತು ನೂನಿಜ್ ಬರೆದಿಟ್ಟಿದ್ದಾರೆ. ಆ ಬರಹಗಳನ್ನು 1900ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ರಾಬರ್ಟ್ ಸೀವೆಲ್, ಸಂಡೂರು ಬೆಟ್ಟಗಳ ಕಣಿವೆಯ ಬಾಯಲ್ಲಿರುವ, ಹೊಸಪೇಟೆಯಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯನ್ನು ಹೊತ್ತಿರುವ ದೊಡ್ಡ ಏರಿಯೇ ಅದೆಂದು ಗುರುತಿಸಿದನು. ಪಾಯೆಸ್ ಹೇಳುವಂತೆ ಆ ಏರಿಯು ಎರಡು ಮೂರು ಸಲ ಒಡೆಯಿತು. ಕಾರಣವನ್ನು ಕೇಳಿದ ಅರಸನಿಗೆ, ದೇವತೆಯು ಬಲಿಯನ್ನು ಬಯಸುತ್ತದೆಂಬ ಉತ್ತರ ಬಂದಿತು. ಅರವತ್ತು ಮಂದಿ ಮನುಷ್ಯರ ತಲೆಗಳೂ ಅವರೊಡನೆ ಕುದುರೆ ಕೋಣಗಳ ತಲೆಗಳೂ ಉರುಳಿದವು. ಬಲಿಯಾದವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳೆಂದು ನೂನಿಜ್ ಬರೆಯುತ್ತಾನೆ. ಬಲಿಯ ತರುವಾಯ ಕೆಲಸ ಮುಂದುವರಿಯಿತೆಂದೂ ಬರೆಯುತ್ತಾನೆ. ಅದೇ ಕಾಲದಲ್ಲಿ ಅದೇ ಸ್ಥಳದಲ್ಲಿ ಪಾಯೆಸ್ ಎಣಿಸಿದ ಹದಿನೈದು ಇಪ್ಪತ್ತು ಸಾವಿರ ಮಂದಿ ಕೂಲಿಕಾರರು ಮಣ್ಣು ಹೊತ್ತು ಕಲ್ಲು ಇಡುತ್ತಿದ್ದರು. ಏರಿ ನಿಂತದ್ದು ಅವರ ದುಡಿಮೆಯಿಂದ ಮತ್ತು ಕಟ್ಟಡದ ದೋಷವನ್ನು ತಿದ್ದಿದ ಕೈಗಳಿಂದ; ಆದರೆ ಕಥನದಲ್ಲಿ ಫಲವು ಬಲಿಯ ಬೆನ್ನಿಗೆ ಬಂದಿತು. ಆ ಪ್ರಾಣಹಾನಿಯನ್ನು ಯಂತ್ರದ ಹಾನಿಯೊಡನೆ ಸಮೀಕರಿಸುವ ಉದ್ದೇಶ ನನಗಿಲ್ಲ. ನಾನು ಬೆರಳಿಟ್ಟು ತೋರಿಸುವುದು ತರ್ಕದ ಬಿರುಕನ್ನು ಮಾತ್ರ: ಏಕೆ ಒಡೆಯಿತು ಎಂಬ ಪ್ರಶ್ನೆಯನ್ನು ಬಿಟ್ಟು, ಏನನ್ನು ಅರ್ಪಿಸಿದರೆ ನಿಂತೀತು ಎಂಬ ಪ್ರಶ್ನೆಯನ್ನು ಹಿಡಿದವರು ಎಷ್ಟು ದೊಡ್ಡವರಾಗಿದ್ದರೂ ದಾರಿತಪ್ಪುತ್ತಾರೆ.

ಕಾರಣವನ್ನು ನಿಶ್ಚಯಿಸುವುದಕ್ಕೆ ನ್ಯಾಯಶಾಸ್ತ್ರವು ಅನ್ವಯ ಮತ್ತು ವ್ಯತಿರೇಕಗಳೆಂಬ ಎರಡು ಒರೆಗಲ್ಲುಗಳನ್ನು ಕೊಟ್ಟಿದೆ: ಇದಿದ್ದಾಗ ಅದಿರಬೇಕು, ಇದಿಲ್ಲದಾಗ ಅದೂ ಇಲ್ಲವಾಗಬೇಕು. ರೀಸ್ಟಾರ್ಟ್ ಈ ಪರೀಕ್ಷೆಯಲ್ಲಿ ನಿಲ್ಲಲಾರದು. ಅದು ನಡೆದರೂ ವಾಲ್ಯೂಮು ಬಾರದಿರುವ ಪ್ರಸಂಗಗಳು ಹೇರಳವಾಗಿವೆ. ಅದು ನಡೆಯದೆಯೇ ವಾಲ್ಯೂಮು ಬರುವ ಪ್ರಸಂಗಗಳೂ ಹೇರಳವಾಗಿವೆ. ಸ್ಟೋರೇಜಿನಲ್ಲಿ ಹೊಸದಾಗಿ ಮ್ಯಾಪ್ ಮಾಡಿದ ವಾಲ್ಯೂಮನ್ನು ನಡೆಯುತ್ತಿರುವ ಸರ್ವರು ಅನೇಕ ವೇಳೆ ತಾನಾಗಿ ನೋಡುವುದಿಲ್ಲ. ಸ್ಕಸಿ ಸಾಲನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡು ಎಂದು ಕರ್ನೆಲಿಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಆ ಕ್ಷಣವೇ ಕಾಣುತ್ತದೆ. ಇಷ್ಟಕ್ಕಾಗಿ ನೂರು ಮಂದಿಯ ಕೆಲಸವನ್ನು ನಿಲ್ಲಿಸಿ ಸರ್ವರನ್ನೇ ಮಲಗಿಸಿ ಎಬ್ಬಿಸುವವರು ಇದ್ದಾರೆ. ಅದು ಫಲ ಕೊಟ್ಟದ್ದು ನಿಜ. ಆದರೆ ಆ ಫಲಕ್ಕೆ ಕಾರಣ ಸ್ಕ್ಯಾನು, ರೀಸ್ಟಾರ್ಟ್ ಅಲ್ಲ.

ರೀಸ್ಟಾರ್ಟ್ ನಿಷ್ಫಲವಾದುದೆಂಬುದಷ್ಟೇ ಆಗಿದ್ದರೆ ಇಷ್ಟು ದೀರ್ಘವಾಗಿ ಬರೆಯಬೇಕಾಗಿರಲಿಲ್ಲ. ಅದು ಸಾಕ್ಷ್ಯವನ್ನು ನಾಶಮಾಡುತ್ತದೆಂಬುದು ನನ್ನ ಮುಖ್ಯ ಆಕ್ಷೇಪ. ವಾಲ್ಯೂಮು ಕಳಚಿಕೊಂಡ ಕ್ಷಣದಲ್ಲಿ ಕರ್ನೆಲ್ ಅದನ್ನು ಗಂಟೆ ನಿಮಿಷ ಸಹಿತ ಬರೆದುಕೊಂಡಿರುತ್ತದೆ: ಯಾವ ದಾರಿ ಮೊದಲು ಕಡಿಯಿತು, ಯಾವ ವಿನಂತಿಗೆ ಉತ್ತರ ಬರಲಿಲ್ಲ, ಯಾವ ಹೆಸರಿನ ಸಾಧನವನ್ನು ತೆಗೆದುಹಾಕಲಾಯಿತು. ಈ ಬರಹವು ಮೊದಲು ಇರುವುದು ಸ್ಮೃತಿಯಲ್ಲಿ. ವಾರ್-ಲಾಗ್‌ನ ಕೆಳಗೆ ಜರ್ನಲ್ ಎಂಬ ಡೈರೆಕ್ಟರಿಯನ್ನು ಯಾರೂ ಮಾಡಿಡದಿದ್ದ ಸರ್ವರುಗಳಲ್ಲಿ, ರೂಢಿಯ ಸೆಟ್ಟಿಂಗಿನ ಪ್ರಕಾರ ಸಿಸ್ಟಂ-ಡಿಯ ಜರ್ನಲ್ ಎಂಬ ದಿನಚರಿಯೂ ಸ್ಮೃತಿಯಲ್ಲೇ ಇರುತ್ತದೆ. ಎಮರ್ಜೆನ್ಸಿ ಮೋಡಿನಲ್ಲಿ ನಿಂತ ಸರ್ವರಿನಲ್ಲಿ ಬೇರೆ ದಾಖಲೆಗಾರ ಇನ್ನೂ ಎದ್ದೇ ಇರುವುದಿಲ್ಲ. ಗುಂಡಿಯನ್ನೊತ್ತಿದೊಡನೆ ಅಷ್ಟೂ ಅಳಿಸಿಹೋಗುತ್ತದೆ. ಮರುದಿನ ಪರೀಕ್ಷಕನು ಬಂದು ಏನಾಯಿತೆಂದು ಕೇಳಿದರೆ, “ಏನೋ ಆಗಿತ್ತು, ರೀಸ್ಟಾರ್ಟ್ ಮಾಡಿದ್ವಿ” ಎಂಬುದನ್ನುಳಿದು ಹೇಳತಕ್ಕದ್ದೇ ಇರುವುದಿಲ್ಲ.

ಇದಕ್ಕಿಂತ ಭಯಂಕರವಾದ ನಷ್ಟ ಇನ್ನೊಂದುಂಟು. ಒಂದೇ ವಾಲ್ಯೂಮನ್ನು ಪ್ರಮಾದದಿಂದ ಎರಡು ಸರ್ವರುಗಳಿಗೆ ಮ್ಯಾಪ್ ಮಾಡಿರುತ್ತಾರೆ. ಎರಡನೆಯ ಸರ್ವರಿನಲ್ಲಿ ಕುಳಿತವನು ಅದನ್ನು ಖಾಲಿ ಡಿಸ್ಕೆಂದು ಭಾವಿಸಿ ಅದರ ತಲೆಭಾಗದಲ್ಲಿ ತನ್ನದೊಂದು ಹೊಸ ಗುರುತನ್ನು ಬರೆದುಬಿಡುತ್ತಾನೆ. ಆಗ ಮೊದಲನೆಯ ಸರ್ವರಿನಲ್ಲಿ ಎಲ್‌ವಿಎಂನ ಲೇಬಲು ಡಿಸ್ಕಿನ ಮೇಲೆ ನಾಶವಾಗಿದ್ದರೂ, ಯಾವ ಸೆಕ್ಟರಿನಿಂದ ಯಾವ ಸೆಕ್ಟರಿನವರೆಗೆ ಯಾವ ವಾಲ್ಯೂಮಿದೆ ಎಂಬ ಪಟ್ಟಿಯು ನಡೆಯುತ್ತಿರುವ ಕರ್ನೆಲಿನ ಡಿವೈಸ್ ಮ್ಯಾಪರಿನಲ್ಲಿ ಜೀವಂತವಾಗಿರುತ್ತದೆ. ಮೇಲೆ ನಿಂತ ಡೇಟಾಬೇಸು ಇನ್ನೂ ಓದುತ್ತಿರುತ್ತದೆ. ಆ ಗಳಿಗೆಯಲ್ಲಿ ಡಿಎಂಸೆಟಪ್ ಟೇಬಲ್ ಎಂಬ ಆಜ್ಞೆಯಿಂದ ಆ ಪಟ್ಟಿಯನ್ನು ಹೊರತೆಗೆದು ಬರೆದಿಟ್ಟು, ಮಾಹಿತಿಯನ್ನು ಬೇರೆಡೆಗೆ ನಕಲು ಮಾಡಿಕೊಂಡವನು ಸಂಸ್ಥೆಯನ್ನು ಉಳಿಸುತ್ತಾನೆ. ಎಚ್ಚರಿಕೆಯ ಸಂದೇಶವೊಂದು ಕಂಡಿತೆಂದು ರೀಸ್ಟಾರ್ಟ್ ಮಾಡಿದವನು ಆ ಕೊನೆಯ ಸಾಕ್ಷಿಯ ಬಾಯಿಯನ್ನು ತನ್ನ ಕೈಯಾರೆ ಮುಚ್ಚುತ್ತಾನೆ; ಮರಳಿ ಎದ್ದ ಕರ್ನೆಲ್ ಡಿಸ್ಕಿನ ಮೇಲೆ ಗುರುತನ್ನು ಹುಡುಕುತ್ತದೆ, ಗುರುತು ಇರುವುದಿಲ್ಲ, ವಾಲ್ಯೂಮು ಇಲ್ಲವೆಂದು ಸಾರುತ್ತದೆ. ಇಟಿಸಿ ಡೈರೆಕ್ಟರಿಯ ಒಳಗೆ ಎಲ್‌ವಿಎಂ ತಾನೇ ಬರೆದಿಡುವ ಹಳೆಯ ಪ್ರತಿಗಳಿಂದ ಮತ್ತೆ ಕಟ್ಟುವ ದಾರಿಯೊಂದು ಆಗಲೂ ಉಳಿದಿರುತ್ತದೆ. ಆದರೆ “ಡಿಸ್ಕ್ ಹೋಗೈತಿ, ಹೊಸದಾಗಿ ಫಾರ್ಮ್ಯಾಟ್ ಹೊಡಿರಿ” ಎಂಬ ಮುಂದಿನ ಮಾತು ಆ ದಾರಿಯನ್ನೂ ಮುಚ್ಚಿಹಾಕುತ್ತದೆ. ರೀಸ್ಟಾರ್ಟ್ ಸಿದ್ಧಾಂತದ ಸಹಜವಾದ ಎರಡನೆಯ ಅಧ್ಯಾಯ ಫಾರ್ಮ್ಯಾಟ್ ಸಿದ್ಧಾಂತ. ಕಾರಣವನ್ನು ಕೇಳದೆ ಇರುವ ಮನಸ್ಸಿಗೆ ಒಂದು ಗುಂಡಿ ಸೋತೊಡನೆ ಇನ್ನೊಂದು ಗುಂಡಿ ಬೇಕಾಗುತ್ತದೆ.

ಇದನ್ನು ಒಂದು ಪ್ರಸಂಗದಲ್ಲಿ ಹತ್ತಿರದಿಂದ ನೋಡೋಣ. ಸಂಡೂರು ರಸ್ತೆಯ ಒಂದು ಕಚೇರಿಯಲ್ಲಿ, ಅದರ ಹೆಸರು ಇಲ್ಲಿ ಅನಗತ್ಯ, ಮಲ್ಟಿಪಾತ್ ಮ್ಯಾಪನ್ನು ರಚಿಸಹೊರಟಾಗಲೆಲ್ಲ ‘ಡಿವೈಸ್ ಆರ್ ರಿಸೋರ್ಸ್ ಬಿಜಿ’ ಎಂಬ ಸಾಲು ಬರುತ್ತಿತ್ತು. ಯಾವುದೋ ಪ್ರೋಗ್ರಾಮು ಅದನ್ನು ಹಿಡಿದುಕೊಂಡಿದೆಯೆಂದು ತಿಳಿದ ಆಪರೇಟರು ಎಲ್‌ಎಸ್‌ಓಎಫ್ ಎಂಬ ಆಜ್ಞೆಯಿಂದ ಹುಡುಕಿದರು. ಯಾವ ಪ್ರೋಗ್ರಾಮೂ ಕಾಣಲಿಲ್ಲ. ಕಾಣದ್ದು ಕೈಗೆ ಸಿಗದೆಂದು ರೀಸ್ಟಾರ್ಟ್ ಮಾಡಿದರು. ಅದೇ ಸಾಲು ಬಂದಿತು. ಪುನಃ ಮಾಡಿದರು, ಪುನಃ ಬಂದಿತು. ಹಿಡಿದುಕೊಂಡಿದ್ದದ್ದು ಪ್ರೋಗ್ರಾಮೇ ಆಗಿರಲಿಲ್ಲ. ಸರ್ವರು ಏಳುವ ಆರಂಭದ ಕ್ಷಣಗಳಲ್ಲಿ, ಮಲ್ಟಿಪಾತ್ ಎಚ್ಚರಗೊಳ್ಳುವುದಕ್ಕೆ ಮುಂಚೆಯೇ, ಎಲ್‌ವಿಎಂ ಆ ವಾಲ್ಯೂಮಿನ ಒಂದೇ ಒಂದು ದಾರಿಯನ್ನು ಕಂಡು, ಅದನ್ನೇ ಡಿಸ್ಕೆಂದು ಭಾವಿಸಿ, ಅದರ ಮೇಲೆ ತನ್ನ ವಾಲ್ಯೂಮನ್ನು ಸ್ಥಾಪಿಸಿಬಿಟ್ಟಿತ್ತು. ಕರ್ನೆಲಿನೊಳಗಣ ಈ ಹಿಡಿತವು ಪ್ರೋಗ್ರಾಮುಗಳ ಪಟ್ಟಿಯಲ್ಲಿ ಕಾಣತಕ್ಕದ್ದಲ್ಲ. ಸಿಸ್ ಡೈರೆಕ್ಟರಿಯಲ್ಲಿ ಆ ಡಿಸ್ಕಿನ ಹೆಸರಿನ ಕೆಳಗಿರುವ ಹೋಲ್ಡರ್ಸ್ ಎಂಬಲ್ಲಿ ನೋಡಿದರೆ ಹಿಡಿದವರು ಯಾರೆಂಬುದು ಸ್ಪಷ್ಟವಾಗಿ ಬರೆದಿರುತ್ತದೆ. ಆ ವಾಲ್ಯೂಮನ್ನು ಎಲ್‌ವಿಎಂನಿಂದ ಬಿಡಿಸಿ, ಮಲ್ಟಿಪಾತಿಗೆ ಒಪ್ಪಿಸಿ, ಮತ್ತೆ ಚಾಲನೆಗೆ ತಂದುದರಿಂದ ಅಂದಿನ ಕೆಲಸ ನಡೆಯಿತು. ಮಲ್ಟಿಪಾತಿನ ನಿಯಮಗಳು ಸೇರುವಂತೆ ಆರಂಭದ ಇನಿಟ್‌ರಾಂಎಫ್‌ಎಸ್ ಕಡತವನ್ನು ಪುನಃ ಕಟ್ಟಿದುದರಿಂದ ಮುಂದಿನ ದಿನಗಳೂ ಸುರಕ್ಷಿತವಾದವು. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ರೋಗವು ಹುಟ್ಟುತ್ತಿದ್ದದ್ದೇ ಏಳುವ ಗಳಿಗೆಯಲ್ಲಿ. ಒಂದೊಂದು ರೀಸ್ಟಾರ್ಟೂ ಆ ರೋಗವನ್ನು ಹೊಸದಾಗಿ ಹುಟ್ಟಿಸುತ್ತಿತ್ತು.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಅದಕ್ಕೆ ನಮ್ಮ ಸೀಮೆಯ ಮನುಷ್ಯನು ದೂರ ಹೋಗಬೇಕಾಗಿಲ್ಲ. ಹಂಪಿಯ ತುರ್ತು ಕಾಲುವೆ, ಹೊಸಪೇಟೆಯ ಬಸವಣ್ಣ ಕಾಲುವೆ, ಕಂಪ್ಲಿ ಕಾಲುವೆ, ಇವು ವಿಜಯನಗರದ ಅರಸರ ಕಾಲದಿಂದ ಹರಿದುಬಂದಿವೆ. ಕೊನೆಭಾಗದ ಗದ್ದೆಗೆ ನೀರು ಬಾರದಾದಾಗ ಬಲ್ಲ ನೀರಗಂಟಿಯು ಹೊಳೆಯನ್ನು ನಿಲ್ಲಿಸಿ ಮತ್ತೆ ಬಿಡಿರೆಂದು ಕೂಗುವುದಿಲ್ಲ. ಕಾಲುವೆಯ ದಂಡೆಯನ್ನು ಹಿಡಿದು ನಡೆಯುತ್ತಾನೆ. ಪ್ರತಿಯೊಂದು ತೂಬಿನಲ್ಲಿಯೂ ಇಲ್ಲಿಯವರೆಗೆ ನೀರಿದೆಯೇ ಎಂದು ನೋಡುತ್ತಾನೆ. ಇದ್ದ ತೂಬಿಗೂ ಇಲ್ಲದ ತೂಬಿಗೂ ನಡುವಣ ಜಾಗದಲ್ಲಿ ದೋಷವಿದೆಯೆಂದು ನಿಶ್ಚಯಿಸುತ್ತಾನೆ. ವಾಲ್ಯೂಮು ಕಾಣದಾದಾಗ ನಾವು ಮಾಡತಕ್ಕದ್ದೂ ಇದೇ ನಡಿಗೆ.

ಮೊದಲ ತೂಬು ಸ್ಟೋರೇಜಿನಲ್ಲಿದೆ. ವಾಲ್ಯೂಮು ಅಲ್ಲಿದೆಯೇ, ಇದ್ದರೆ ಈ ಸರ್ವರಿನ ಗುರುತಿಗೇ ಮ್ಯಾಪ್ ಆಗಿದೆಯೇ? ಫೈಬರ್ ಸಂಪರ್ಕದಲ್ಲಿ ಸರ್ವರಿನ ಗುರುತು ಅದರ ಎಚ್‌ಬಿಎ ಕಾರ್ಡಿನ ಹದಿನಾರು ಅಂಕಾಕ್ಷರಗಳ ಸಂಖ್ಯೆ. ಕೆಟ್ಟ ಕಾರ್ಡನ್ನು ಬದಲಾಯಿಸಿದ ದಿನ ಸರ್ವರಿನ ದೇಹ ಅದೇ ಆಗಿದ್ದರೂ ಗುರುತು ಬೇರೆಯಾಗುತ್ತದೆ. ಸ್ಟೋರೇಜಿನ ಪಟ್ಟಿಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಎಷ್ಟು ರೀಸ್ಟಾರ್ಟ್ ಮಾಡಿದರೂ ವಾಲ್ಯೂಮು ಬಾರದು. ಐಸ್ಕಸಿಯಲ್ಲಿ ಆ ಗುರುತು ಒಂದು ಸಣ್ಣ ಕಡತದಲ್ಲಿ ಬರೆದಿರುವ ಹೆಸರು. ಲಿನಕ್ಸನ್ನು ಹೊಸದಾಗಿ ಹಾಕಿದಾಗ ಅದೂ ಬದಲಾಗುತ್ತದೆ. ಎರಡನೆಯ ತೂಬು ದಾರಿ: ಕೇಬಲ್ಲಿನ ದೀಪ, ಸ್ವಿಚ್ಚಿನ ಜೋನಿಂಗ್, ಪೋರ್ಟಿನ ಸ್ಥಿತಿ, ಐಸ್ಕಸಿ ಸೆಷನ್. ಮೂರನೆಯದು ಕರ್ನೆಲಿನ ನೋಟ: ಸ್ಕ್ಯಾನ್ ಮಾಡಿದ ಮೇಲೆ ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ ಸರಿಯಾದ ಗಾತ್ರದ ಡಿಸ್ಕು ಕಾಣುತ್ತದೆಯೇ? ನಾಲ್ಕನೆಯದು ಮಲ್ಟಿಪಾತ್: ಎಷ್ಟು ದಾರಿಗಳಿರಬೇಕೋ ಅಷ್ಟೂ ಒಂದೇ ಹೆಸರಿನ ಕೆಳಗೆ ಸೇರಿವೆಯೇ, ಅಥವಾ ಅವು ಚದರಿಹೋಗಿ ಒಂದೇ ವಾಲ್ಯೂಮಿನ ನಕಲುಗಳಂತೆ ಎಲ್‌ವಿಎಂಗೆ ತೋರುತ್ತಿವೆಯೇ? ಐದನೆಯದು ಎಲ್‌ವಿಎಂ: ವಾಲ್ಯೂಮ್ ಗ್ರೂಪು ಕಂಡಿದೆಯೇ, ಚಾಲನೆಯಲ್ಲಿದೆಯೇ, ಈಚಿನ ಲಿನಕ್ಸುಗಳಲ್ಲಿ ಎಲ್‌ವಿಎಂ ಇಟ್ಟುಕೊಳ್ಳುವ ಡಿವೈಸಸ್ ಕಡತದಲ್ಲಿ ಆ ಡಿಸ್ಕಿನ ಹೆಸರು ಸೇರಿದೆಯೇ? ಕೊನೆಯದು ಫೈಲ್ ಸಿಸ್ಟಂ: ಅದರ ಯುಯುಐಡಿ ಎಂಬ ಗುರುತುಸಂಖ್ಯೆಯೂ ಎಫ್‌ಎಸ್‌ಟ್ಯಾಬಿನಲ್ಲಿ ಬರೆದದ್ದೂ ಒಂದೇ ಆಗಿವೆಯೇ? ಈ ಆರು ಪ್ರಶ್ನೆಗಳಲ್ಲಿ ಹೌದು ಎಂಬ ಉತ್ತರ ಎಲ್ಲಿ ಇಲ್ಲವೆಂದು ತಿರುಗುತ್ತದೆಯೋ ಅಲ್ಲಿ ನಿಲ್ಲಬೇಕು. ಅದಕ್ಕೆ ಮೇಲಿನ ಯಾವ ಮೆಟ್ಟಿಲನ್ನೂ ಮುಟ್ಟಬಾರದು.

ಇಲ್ಲಿ ಒಂದು ಉಪಸಿದ್ಧಾಂತವನ್ನೂ ಖಂಡಿಸಬೇಕಾಗಿದೆ. ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳನ್ನು ಡಿಸ್ಕಿನ ಸ್ವಂತ ಹೆಸರುಗಳೆಂದು ನಂಬಿ ಎಫ್‌ಎಸ್‌ಟ್ಯಾಬಿನಲ್ಲಿ ಬರೆಯುವವರು ಇಂದಿಗೂ ಇದ್ದಾರೆ. ಅವು ಕರ್ನೆಲ್ ಕಂಡ ಸರದಿಗೆ ಕೊಟ್ಟ ತಾತ್ಕಾಲಿಕ ನಾಮಗಳು. ಇಂದು ಎಸ್‌ಡಿಬಿ ಆದದ್ದು ಮುಂದಿನ ಬಾರಿ ಎಸ್‌ಡಿಸಿ ಆಗಬಹುದು. ಆ ಸರದಿಯನ್ನು ಕಲಕುವುದು ಯಾವುದು? ಇದೇ ರೀಸ್ಟಾರ್ಟ್. ತಾನು ಕೆಡಿಸಬಲ್ಲ ಹೆಸರುಗಳನ್ನು ನೆಚ್ಚಿದ ವ್ಯವಸ್ಥೆಗೆ ಅದನ್ನೇ ಔಷಧಿಯೆಂದು ಕೊಡುವುದರಲ್ಲಿರುವ ವಿರೋಧವನ್ನು ವಾಚಕರು ತಾವೇ ಕಾಣಬಲ್ಲರು. ಯುಯುಐಡಿ, ಮಲ್ಟಿಪಾತ್ ಕೊಟ್ಟ ನಾಮ ಇಂಥವು ಸ್ಥಿರವಾದ ಗುರುತುಗಳು. ಬರೆಯುವುದಾದರೆ ಅವನ್ನೇ ಬರೆಯತಕ್ಕದ್ದು.

ಎರಡನೆಯ ಆಧಾರವಾದ ಕಾಲದ ಮಾತಿಗೆ ಬರೋಣ. ಮೇಲೆ ಹೇಳಿದ ಆರು ಪ್ರಶ್ನೆಗಳಿಗೆ ಉತ್ತರ ಕೊಡುವ ಆಜ್ಞೆಗಳು ಒಂದು ಹಾಳೆಯಲ್ಲಿ ಹಿಡಿಸುವಷ್ಟಿವೆ. ಅಭ್ಯಾಸವಿದ್ದವರಿಗೆ ಕೆಲವು ನಿಮಿಷಗಳ ಕೆಲಸ. ದೊಡ್ಡ ಸರ್ವರೊಂದು ತನ್ನ ಸ್ಮೃತಿಯನ್ನೂ ಕಾರ್ಡುಗಳನ್ನೂ ಪರೀಕ್ಷಿಸಿಕೊಂಡು ಮರಳಿ ಏಳುವುದಕ್ಕೇ ಅಷ್ಟು ಅಥವಾ ಅದಕ್ಕೂ ಹೆಚ್ಚು ಹೊತ್ತು ಬೇಕು. ಹೀಗಿರಲು ರೀಸ್ಟಾರ್ಟ್ ಉಳಿಸುವುದು ಕಾಲವನ್ನಲ್ಲ, ಚಿಂತನೆಯ ಶ್ರಮವನ್ನು. ಪರದೆ ಕಪ್ಪಾಗಿ ಏನೋ ನಡೆಯುತ್ತಿರುವಂತೆ ಕಂಡಾಗ ಹೊರಗೆ ಕಾಯುವವರಿಗೂ ಒಳಗೆ ಕುಳಿತವರಿಗೂ ಒಂದು ಸಮಾಧಾನವಾಗುತ್ತದೆ. ಆ ಸಮಾಧಾನಕ್ಕೆ ನಾವು ಸಾಕ್ಷ್ಯದ ಬೆಲೆ ತೆರುತ್ತಿದ್ದೇವೆ. ಸಂಡೂರಿನ ಲಾರಿಯ ಚಾಲಕನಿಗೆ ಬೇಕಾದುದು ಈ ಸಂಜೆಯ ಚೀಟಿ ಮಾತ್ರವಲ್ಲ. ನಾಳೆ ಯಾವನಾದರೂ ತಡೆದು ಕೇಳಿದಾಗ ಆ ಚೀಟಿಗೆ ಆಧಾರವಾದ ದಾಖಲೆಯೂ ಉಳಿದಿರಬೇಕು.

ಮೂರನೆಯದು ಅಧಿಕಾರದ ಮಾತು. ನನಗೆ ಇದು ಎಲ್ಲಕ್ಕಿಂತ ಹೆಚ್ಚು ದುಃಖವನ್ನು ಕೊಡುವಂಥದು. ಇದರಲ್ಲಿ ಯಂತ್ರಜ್ಞಾನದ ಕೊರತೆಗಿಂತ ಆತ್ಮಗೌರವದ ಕೊರತೆ ಕಾಣುತ್ತದೆ. ಲಿನಕ್ಸ್ ತನ್ನ ಒಳಗನ್ನು ಮುಚ್ಚಿಡುವ ವ್ಯವಸ್ಥೆಯಲ್ಲ. 1991ರಲ್ಲಿ ಅದು ಹೊರಬಂದಂದಿನಿಂದ ಅದರ ಮೂಲವು ಓದಬಲ್ಲವರೆಲ್ಲರಿಗೂ ತೆರೆದಿದೆ. ಪ್ರತಿಯೊಂದು ಮೆಟ್ಟಿಲೂ ತನ್ನ ಸ್ಥಿತಿಯನ್ನು ಓದಬಹುದಾದ ಕಡತವಾಗಿ ಮುಂದಿಡುತ್ತದೆ. ಪ್ರತಿಯೊಂದು ಆಜ್ಞೆಯ ಕೈಪಿಡಿಯೂ ಅದರೊಡನೆಯೇ ಬರುತ್ತದೆ. ಹೊಸಪೇಟೆಯ ಡಿಪ್ಲೊಮಾ ವಿದ್ಯಾರ್ಥಿಗೆ ಕಾಣುವ ಮಲ್ಟಿಪಾತ್ ಪಟ್ಟಿಯೂ ಬೆಂಗಳೂರಿನ ತಜ್ಞನಿಗೆ ಕಾಣುವ ಪಟ್ಟಿಯೂ ಬೇರೆ ಬೇರೆಯಲ್ಲ. ಬೆಂಗಳೂರಿನವನು ಹೆಚ್ಚಾಗಿ ಮಾಡುವುದು ಏನೆಂದರೆ, ಗುಂಡಿಯನ್ನೊತ್ತುವುದಕ್ಕೆ ಮುಂಚೆ ಓದುವುದು. ಪ್ರತ್ಯಕ್ಷವು ಕಣ್ಣೆದುರಿಗಿರುವಾಗ ದೂರದ ಆಪ್ತವಾಕ್ಯವನ್ನು ಕಾಯುತ್ತ ಕುಳಿತು, ಆ ನಡುವೆ ಪ್ರತ್ಯಕ್ಷವನ್ನೇ ಅಳಿಸಿಹಾಕುವುದು ಯಾವ ಪ್ರಮಾಣಶಾಸ್ತ್ರಕ್ಕೂ ಸಮ್ಮತವಾಗಲಾರದು. ತಜ್ಞರನ್ನು ಕರೆಯಬಾರದೆಂದು ನಾನು ಹೇಳುವುದಿಲ್ಲ. ಅವರು ಬರುವ ವೇಳೆಗೆ ಅವರಿಗೆ ಕೊಡತಕ್ಕ ದಾಖಲೆ ನಮ್ಮ ಕೈಯಲ್ಲಿರಬೇಕು ಎನ್ನುತ್ತೇನೆ.

ರೀಸ್ಟಾರ್ಟ್ ಎಂದಿಗೂ ಕೂಡದೆಂಬ ಅತಿರೇಕಕ್ಕೆ ನಾನು ಹೋಗತಕ್ಕವನಲ್ಲ. ಬಾರದ ಉತ್ತರಕ್ಕಾಗಿ ಕಾಯುತ್ತ ಕರ್ನೆಲಿನೊಳಗೇ ಸಿಕ್ಕಿಬಿದ್ದು, ಯಾವ ಆಜ್ಞೆಯಿಂದಲೂ ಕದಲದ ಪ್ರೋಗ್ರಾಮುಗಳಿರುತ್ತವೆ. ಕಾರ್ಡಿನ ಫರ್ಮ್‌ವೇರ್ ಬದಲಾಯಿಸಿದ ಮೇಲೆ ರೀಸ್ಟಾರ್ಟ್ ಕೆಲವು ವೇಳೆ ಅನಿವಾರ್ಯವೂ ಆಗಿರುತ್ತದೆ. ಆಗ ಅದು ನಿರ್ಣಯದ ಕೊನೆಯಲ್ಲಿ ಬರುವ ಕ್ರಿಯೆ. ನಿರ್ಣಯಕ್ಕೆ ಬದಲಾಗಿ ಬಂದುದಲ್ಲ.

ಪರಿಹಾರವಾದ ಮೇಲಿನ ಕರ್ತವ್ಯವೊಂದು ಉಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ ಅಲ್ಲಿ ಸ್ಟಾಪ್‌ಲಾಗ್ ಇಳಿಸಿದ್ದನ್ನು ಇಡೀ ಸೀಮೆ ಉಸಿರು ಬಿಗಿಹಿಡಿದು ನೋಡಿತು. ತೂತು ಮುಚ್ಚಿತೆಂದು ಪ್ರಶ್ನೆ ಮುಚ್ಚಲಿಲ್ಲ. ಅದೇ ವಯಸ್ಸಿನ ಉಳಿದ 32 ಗೇಟುಗಳ ಗತಿಯೇನು ಎಂಬ ಪ್ರಶ್ನೆ ಆಗ ತಾನೇ ಎದ್ದಿತು, ಏಳಬೇಕಾದದ್ದೂ ಹಾಗೆಯೇ. ಒಂದು ಸರ್ವರಿನ ವಿಷಯದಲ್ಲಿ ಸ್ಟೋರೇಜಿನ ಪಟ್ಟಿಯಲ್ಲಿ ಹಳೆಯ ಕಾರ್ಡಿನ ಗುರುತೇ ಉಳಿದು ಮ್ಯಾಪಿಂಗ್ ಕೆಟ್ಟಿದ್ದರೆ, ಅದೇ ದಿನ ಅದೇ ಕೈಗಳು ಜೋಡಿಸಿದ ಉಳಿದ ಸರ್ವರುಗಳನ್ನೂ ಅದೇ ಪ್ರಶ್ನೆಯಿಂದ ಪರೀಕ್ಷಿಸತಕ್ಕದ್ದು. ಕಾರಣವನ್ನು ಕಂಡವನಿಗೆ ಮಾತ್ರ ಈ ಪ್ರಶ್ನೆ ಹೊಳೆಯುತ್ತದೆ. ರೀಸ್ಟಾರ್ಟ್ ಮಾಡಿ ಮನೆಗೆ ಹೋದವನಿಗೆ ಕೇಳಲು ಪ್ರಶ್ನೆಯೇ ಇರುವುದಿಲ್ಲ.

ಆದುದರಿಂದ ಈ ವೃತ್ತಿಯಲ್ಲಿರುವ ನನ್ನ ಕಿರಿಯ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ಇಂದೇ ನಿಮ್ಮ ಸರ್ವರುಗಳಲ್ಲಿ ಜರ್ನಲ್ ಡಿಸ್ಕಿನ ಮೇಲೆ ಉಳಿಯುವಂತೆ ಮಾಡಿ; ಮ್ಯಾಪಿಂಗಿನ ಪಟ್ಟಿ, ಮಲ್ಟಿಪಾತಿನ ಪಟ್ಟಿ, ಎಲ್‌ವಿಎಂನ ಪಟ್ಟಿ ಇವನ್ನು ಎಲ್ಲವೂ ಸರಿಯಿರುವ ದಿನವೇ ಮುದ್ರಿಸಿ ಕಡತದಲ್ಲಿಡಿ; ವಾಲ್ಯೂಮು ಕಾಣದಾದ ದಿನ ಮೊದಲು ಬರೆದುಕೊಳ್ಳಿ, ಆಮೇಲೆ ಆರು ಮೆಟ್ಟಿಲುಗಳನ್ನು ಕ್ರಮವಾಗಿ ಕೇಳಿ, ಆಮೇಲೆ ಕೈಯಿಡಿ. ಯಜಮಾನರಲ್ಲಿಯೂ ಒಂದು ಮಾತು: ಎಷ್ಟು ಬೇಗ ಗುಂಡಿಯನ್ನೊತ್ತಿದನೆಂಬುದರಿಂದ ನಿಮ್ಮ ಕೆಲಸಗಾರನನ್ನು ಅಳೆಯಬೇಡಿ, ಏನಾಗಿತ್ತು, ಏಕಾಯಿತು, ಮತ್ತೆ ಆಗದಂತೆ ಏನು ಮಾಡಿದೆ ಎಂಬ ಮೂರು ಪ್ರಶ್ನೆಗಳಿಗೆ ಅವನು ಬರೆದುಕೊಡುವ ಉತ್ತರದಿಂದ ಅಳೆಯಿರಿ. ಆ ಉತ್ತರವಿಲ್ಲದೆ ಮರಳಿ ಬಂದ ವಾಲ್ಯೂಮನ್ನು ದುರಸ್ತಿಯಾಯಿತೆಂದು ಯಾರೂ ಒಪ್ಪಿಕೊಳ್ಳತಕ್ಕದ್ದಲ್ಲ.